ಅತ್ತೆಯ ಬತ್ತಿ, ಅಳಿಯನ ನೊರೆ

ಅಮೆರಿಕದ ಕನ್ನಡಿಗರ ಮನೆಯಲ್ಲಿ ಮೊಸರಿನ ಡಬ್ಬಗಳು ಬೇಕಾದಷ್ಟಿರುತ್ತವೆ. ಅವುಗಳಲ್ಲಿ ಮೊಸರಿರುತ್ತದೆಂದು ಮಾತ್ರ ಯಾರೂ ಖಾತರಿ ಕೊಡಲಾರರು. ಇಂಡಿಯನ್ ಗ್ರೋಸರಿಯಿಂದ ಒಮ್ಮೆ ಮನೆ ಹೊಕ್ಕ ಬಿಳಿ ಡಬ್ಬಕ್ಕೆ ಮುಕ್ತಿ ಎಂಬುದಿಲ್ಲ. ಮೊದಲ ಜನ್ಮದಲ್ಲಿ ಅದು ಮೊಸರು, ಎರಡನೆಯದರಲ್ಲಿ ಹುಳಿ, ಮೂರನೆಯದರಲ್ಲಿ ದೋಸೆ ಹಿಟ್ಟು, ಆಮೇಲೆ ಕಡಲೆಬೇಳೆ, ಕೊನೆಗಾಲದಲ್ಲಿ ಸೂಜಿ, ದಾರ, ಗುಂಡಿ. ಮೇಲಿನ ಚೀಟಿ ಮಾತ್ರ ಎಲ್ಲ ಜನ್ಮಗಳಲ್ಲೂ ‘ಹೋಲ್ ಮಿಲ್ಕ್ ಯೋಗರ್ಟ್’ ಎಂದು ಸುಳ್ಳು ಹೇಳುತ್ತಲೇ ಇರುತ್ತದೆ.

ಫಾಸ್ಟರ್ ಸಿಟಿಯಲ್ಲಿ ಲಗೂನ್ ಎಂಬ ಹಿನ್ನೀರಿನ ದಂಡೆಯ ಅಪಾರ್ಟ್‌ಮೆಂಟಿನಲ್ಲಿ ವಾಸಿಸುವ ವೆಂಕಟಾಚಲನ ಬದುಕನ್ನು ಅಲುಗಾಡಿಸಿದ್ದು ಇಂಥದೊಂದು ಸುಳ್ಳು ಚೀಟಿ.

ವೆಂಕಟಾಚಲ ಕೆಲಸ ಮಾಡುವುದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ‘ನೊರೆಲ್ಲೋ ಲ್ಯಾಬ್ಸ್’ನಲ್ಲಿ. ಹೆಸರು ಕೇಳಿದ ಅಮೆರಿಕನ್ನರು ಇದು ಇಟಲಿಯದೆಂದುಕೊಳ್ಳುತ್ತಾರೆ. ಇಟ್ಟವರು ಮಂಗಳೂರಿನ ಡಾಕ್ಟರ್ ಗುಣಪಾಲ ಬಲ್ಲಾಳರು. ನೊರೆಗೆ ಒಂದು ‘ಲ್ಲೋ’ ಅಂಟಿಸಿದ್ದಷ್ಟೇ ಅವರ ಶ್ರಮ. ಸುಟ್ಟ ಗಾಯದ ಮೇಲೆ ಸಿಂಪಡಿಸುವ ನೊರೆ ಅವರ ಕನಸು. ಆ ನೊರೆಯೊಳಗೆ ಕೂದಲಿನಷ್ಟು ಸಣ್ಣ ಎಳೆಗಳಿರಬೇಕು. ನೊರೆ ಹರಿದ ಕಡೆಗೆ ಎಳೆಗಳೂ ಬಾಗಿ ಬಳುಕಿ ಹರಿದು, ಗಾಯದ ಮೇಲೆ ತೆಳುವಾದ ಬಲೆಯಂತೆ ಕೂರಬೇಕು. ಆದರೆ ಎಳೆಗಳು ನೊರೆಯ ಮಾತು ಕೇಳುತ್ತಿರಲಿಲ್ಲ. ಗಾಜಿನ ಕೊಳವೆಯಲ್ಲಿ ನೊರೆ ಮುಂದೆ ಹೊರಟರೆ ಇವು ಅಡ್ಡ ನಿಂತು, ಒಂದನ್ನೊಂದು ತಬ್ಬಿ ಗಂಟಾಗಿ, ಶುಕ್ರವಾರ ಸಂಜೆಯ 101 ಫ್ರೀವೇಯ ಟ್ರಾಫಿಕ್ಕನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತಿದ್ದವು.

ಈ ಮಹತ್ಕಾರ್ಯದಲ್ಲಿ ವೆಂಕಟಾಚಲನ ಪಾತ್ರ ಏನೆಂದರೆ, ಎಳೆ ಮುಗಿದಾಗ ಎಳೆ ಆರ್ಡರ್ ಮಾಡುವುದು. ಗ್ಲೌಸು ಮುಗಿದಾಗ ಗ್ಲೌಸು. ಟಿಶ್ಯೂ ಮುಗಿದಾಗ ಟಿಶ್ಯೂ. ಎಂಟು ವರ್ಷದಲ್ಲಿ ಒಮ್ಮೆಯೂ ಆ ಗಾಜಿನ ಕೊಳವೆಯೊಳಗೆ ಇಣುಕಿ ನೋಡಿದವನಲ್ಲ. ಆದರೆ ಮನೆಯ ಕಡೆ ಯಾರು ಕೇಳಿದರೂ ಗಂಟಲು ಸರಿಮಾಡಿಕೊಂಡು, “ಫೋಮ್ ರಿಸರ್ಚು” ಎನ್ನುತ್ತಿದ್ದ. ಮೈಸೂರಿನಿಂದ ಬಂದಿಳಿದ ಅತ್ತೆ ಸಣ್ಣತಾಯಮ್ಮನವರಿಗೂ ಹಾಗೇ ಅಂದ.

“ಹಾಗಂದ್ರೆ ಏನು ಅಳಿಯಂದ್ರೇ?”

“ನೊರೆ ಮೇಲೆ ಸಂಶೋಧನೆ ಅತ್ತೆ. ನೊರೆ ಒಳಗೆ ಎಳೆ ಹೇಗೆ ಓಡಾಡುತ್ತೆ ಅಂತ.”

“ನಾನು ಪಾತ್ರೆ ತೊಳೆಯೋವಾಗ ದಿನಾ ಒಂದೆರಡು ಕೂದಲು ಓಡಾಡ್ತಿರುತ್ತೆ. ಅದಕ್ಕೆಲ್ಲ ವೀಸಾ ಕೊಡ್ತಾರಾ ಇವ್ರು?”

ಕೊಡುತ್ತಿದ್ದರು. ಇನ್ನು ಮುಂದೆ ಕೊಡುವುದು ಅನುಮಾನವಾಗಿತ್ತು. ಜೂನ್ ತಿಂಗಳಲ್ಲಿ ಕಂಪನಿ ಒಂದು ಪತ್ರ ಕೊಟ್ಟಿತ್ತು: ‘ನಿಮ್ಮ ಹುದ್ದೆ ಬೇಕೋ ಬೇಡವೋ ಎಂಬುದನ್ನು ವರ್ಷ ಮುಗಿಯುವುದರೊಳಗೆ ತೀರ್ಮಾನಿಸಲಾಗುವುದು.’ ಹುದ್ದೆ ಹೋದರೆ ಅರವತ್ತು ದಿನದಲ್ಲಿ ವೀಸಾವೂ ಹೋಗುತ್ತದೆ. ಹೆಂಡತಿ ಮೈಥಿಲಿ ಇದನ್ನು ಅಮ್ಮನಿಗೆ ಹೇಳಿದಳು. ಸಣ್ಣತಾಯಮ್ಮನವರು ಕಣ್ಣೀರು ಹಾಕಲಿಲ್ಲ. ಎರಡು ಕೇಜಿ ಹತ್ತಿ ತರಿಸಿದರು. ಅಳಿಯನ ಕೆಲಸ ಉಳಿಯಲಿ ಎಂದು ಲಕ್ಷಬತ್ತಿಯ ಹರಕೆ ಹೊತ್ತರು. ಕಾರ್ತಿಕದ ಹುಣ್ಣಿಮೆಯೊಳಗೆ ತಮ್ಮ ಕೈಯಾರೆ ಒಂದು ಲಕ್ಷ ಬತ್ತಿ ಹೊಸೆದು, ದೇವಸ್ಥಾನದಲ್ಲಿ ತುಪ್ಪದಲ್ಲಿ ಅದ್ದಿ ಹಚ್ಚಬೇಕು. ಹೆಚ್ಚಲ್ಲ, ಕಡಿಮೆಯಲ್ಲ.

ಅಂದಿನಿಂದ ಲಿವಿಂಗ್ ರೂಮಿನ ಕಿಟಕಿ ಬಳಿ ಚಾಪೆ ಹಾಕಿ, ಸೀರೆಯನ್ನು ಎಡ ಮೊಣಕಾಲಿನವರೆಗೆ ಸರಿಸಿ, ಬೆರಳಿಗೆ ವಿಭೂತಿ ಸೋಕಿಸಿಕೊಂಡು, ಕಾಲಿನ ಮೇಲೆ ಹತ್ತಿಯೆಳೆಯನ್ನು ಸರ್ರನೆ ಉರುಳಿಸುತ್ತ ಕೂತರು. ಕೂದಲಿಗಿಂತ ಒಂದು ಕೂದಲು ದಪ್ಪ, ಅಷ್ಟು ನಾಜೂಕು. ಸಾವಿರ ಆದಮೇಲೆ ಒಂದು ಡಬ್ಬ. ಯಾವ ಡಬ್ಬ ಎಂದು ಕೇಳಬೇಕಾಗಿಲ್ಲ. ಅಕ್ಟೋಬರ್ ಹೊತ್ತಿಗೆ ಅಡಿಗೆಮನೆ ಕಟ್ಟೆಯ ಮೇಲೆ ತೊಂಬತ್ತು ಮೊಸರಿನ ಡಬ್ಬಗಳು ಗೋಪುರವಾಗಿ ನಿಂತವು. ಅದರ ಪಕ್ಕದಲ್ಲೇ, ಅದೇ ಕಂಪನಿಯ, ಅದೇ ಅಳತೆಯ, ಅದೇ ಚೀಟಿಯ ಡಬ್ಬದಲ್ಲಿ ವೆಂಕಟಾಚಲನ ಮಧ್ಯಾಹ್ನದ ಮೊಸರನ್ನ.

ಇನ್ನು ನಡೆದದ್ದನ್ನು ಊಹಿಸಲು ಸಂಶೋಧಕರೇ ಆಗಬೇಕಿಲ್ಲ.

ಅಕ್ಟೋಬರಿನ ಎರಡನೇ ಗುರುವಾರ ಮಧ್ಯಾಹ್ನ ಎರಡಕ್ಕೆ ಮೆನ್ಲೋ ಪಾರ್ಕಿನಿಂದ ಇನ್ವೆಸ್ಟರುಗಳು ಬರುವವರಿದ್ದರು. ಒಂದೂವರೆಗೆ ಗುಣಪಾಲರು ವೆಂಕಟಾಚಲನ ಮೇಜಿನ ಬಳಿ ಬಂದರು.

“ಎಂತ ಮಾರಾಯ, ಹೊಸ ಎಳೆ ಬಂದುಂಟಲ್ಲ?”

“ಉಂಟು ಸಾರ್,” ಎಂದ ವೆಂಕಟಾಚಲ. ಹೆದರಿದಾಗ ಅವನ ಬಾಯಿಗೆ ಬಾಸಿನ ಭಾಷೆ ಬರುತ್ತಿತ್ತು.

ಅವರು ಅತ್ತ ಹೋದಮೇಲೆ ಕಂಪ್ಯೂಟರು ತೆಗೆದು ನೋಡಿದರೆ, ಮೂರು ವಾರದ ಹಿಂದೆ ತಾನು ಆರ್ಡರ್ ಮಾಡಿದ್ದೆಂದುಕೊಂಡಿದ್ದ ಎಳೆಗಳು ‘ಸೇವ್ ಫಾರ್ ಲೇಟರ್’ ಎಂಬ ಗುಂಡಿಯ ಕೆಳಗೆ ನೆಮ್ಮದಿಯಾಗಿ ಮಲಗಿದ್ದವು. ಆ ‘ಲೇಟರ್’ ಎಂಬುದು ಬಂದುಬಿಟ್ಟಿತ್ತು. ಇನ್ನು ಅರ್ಧ ಗಂಟೆ. ಸಾಯುವವನಿಗೂ ಕೊನೆಯ ಊಟ ಬೇಕು ಎಂದು ಮೊಸರನ್ನದ ಡಬ್ಬ ತೆಗೆದ. ಸ್ಪೂನು ಹಾಕಿದ. ಸ್ಪೂನಿಗೆ ಸುಮಾರು ನಲವತ್ತು ಬತ್ತಿ ಬಂದವು.

ವೆಂಕಟಾಚಲ ಒಂದು ಕ್ಷಣ ಬತ್ತಿಯನ್ನು ನೋಡಿದ. ಬತ್ತಿ ವೆಂಕಟಾಚಲನನ್ನು ನೋಡಿತು. ಹಸಿದ ಹೊಟ್ಟೆಯಲ್ಲಿ ಬುದ್ಧಿ ಚುರುಕಾಗುತ್ತದೆಂದು ವೈದ್ಯರು ಹೇಳುತ್ತಾರೋ ಇಲ್ಲವೋ, ಅವನಿಗಂತೂ ಆಯಿತು. ಇಪ್ಪತ್ತು ಬತ್ತಿ ಎಣಿಸಿ, ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ, ಕೊಳವೆಗೆ ಹಾಕುವ ತಟ್ಟೆಯಲ್ಲಿಟ್ಟು, ಕೈಮುಗಿದ. ಯಾವ ದೇವರಿಗೆ ಎಂದು ಸ್ಪಷ್ಟವಿರಲಿಲ್ಲ.

ಎರಡು ಗಂಟೆಗೆ ಇನ್ವೆಸ್ಟರುಗಳು ಸಾಲಾಗಿ ನಿಂತರು. ಪಂಪು ಶುರುವಾಯಿತು. ನೊರೆ ಹೊರಟಿತು. ಗೋಡೆಯ ಮೇಲಿನ ಪರದೆಯಲ್ಲಿ ಒಂದೊಂದು ಗುಳ್ಳೆಯೂ ಕುಂಬಳಕಾಯಿಯಷ್ಟು ಕಾಣುತ್ತಿತ್ತು. ಆ ಕುಂಬಳಕಾಯಿಗಳ ಸಂದಿಯಲ್ಲಿ ಸಣ್ಣತಾಯಮ್ಮನವರ ಬತ್ತಿ ಬಂತು. ಅದು ಅಡ್ಡ ನಿಲ್ಲಲಿಲ್ಲ, ಗಂಟಾಗಲಿಲ್ಲ. ಗುಳ್ಳೆ ಎದುರಾದರೆ ಸೊಂಟ ಬಳುಕಿಸಿ ದಾರಿ ಬಿಟ್ಟಿತು, ಗುಳ್ಳೆ ದಾಟಿದ ಮೇಲೆ ಮೈ ನೀಡಿ ನೆಟ್ಟಗಾಯಿತು, ನೊರೆಯ ಜೊತೆಗೆ ಜಾರುತ್ತ ಜಾರುತ್ತ ಆ ತುದಿ ಸೇರಿತು. ಹಿಂದಿನ ಹತ್ತೊಂಬತ್ತೂ ಹಾಗೆಯೇ.

ಇನ್ವೆಸ್ಟರುಗಳು ಚಪ್ಪಾಳೆ ತಟ್ಟಿದರು. ಗುಣಪಾಲರು ವೆಂಕಟಾಚಲನನ್ನು ಮೂಲೆಗೆ ಎಳೆದೊಯ್ದರು.

“ಎಂತದ್ದು ಮಾರಾಯ ಇದು! ಎರಡು ವರ್ಷ ನಾನು ತಲೆ ಕೆಡಿಸಿಕೊಂಡದ್ದು ನೀನು ಒಂದು ಡಬ್ಬದಲ್ಲಿ ತಂದದ್ದಾ? ಎಂತ ಹೆಸರು ಇದಕ್ಕೆ?”

ಸಣ್ಣತಾಯಮ್ಮ, ಸಾವಿರ. ವೆಂಕಟಾಚಲನ ನಾಲಿಗೆಗೆ ಬೇರೇನೂ ಹೊಳೆಯಲಿಲ್ಲ. “ಎಸ್‌ಟಿ ಥೌಸಂಡ್ ಸಾರ್.”

“ಒಳ್ಳೇದುಂಟು. ವಾರಕ್ಕೆ ಒಂದು ಡಬ್ಬ ತರಿಸು. ಮತ್ತೆ ನಿನ್ನ ಆ ಪತ್ರ ಉಂಟಲ್ಲ, ಹುದ್ದೆಯದ್ದು? ಅದನ್ನು ನಾವು ನೋಡುವ.”

‘ನೋಡುವ’ ಎಂಬ ಆ ಒಂದು ಮಾತಿಗೆ ವೆಂಕಟಾಚಲ ಕಳ್ಳನಾದ. ವಾರಕ್ಕೊಂದರಂತೆ ಇನ್ನೂ ಮೂರು ಡಬ್ಬ ಎತ್ತಿದ. ಅತ್ತೆಯವರು ದಿನಾ ಸಂಜೆ ದೀಪ ಹಚ್ಚಿದ ಮೇಲೆ ಡಬ್ಬ ಎಣಿಸುತ್ತಾರೆಂಬುದು ಗೊತ್ತಿತ್ತು. ಆದ್ದರಿಂದ ಮೊದಲನೆಯದೂ ಸೇರಿ ಹೋದ ಪ್ರತಿ ಡಬ್ಬದ ಜಾಗದಲ್ಲಿ ಗ್ರೋಸರಿಯಿಂದ ತಂದ ಹೊಸ ಮೊಸರಿನ ಡಬ್ಬ ಇಟ್ಟ. ಗೋಪುರ ಗೋಪುರದಂತೆಯೇ ನಿಂತಿತು. ಮನುಷ್ಯ ಇಲ್ಲಿಗೆ ನಿಲ್ಲಿಸಿದ್ದರೆ ಜಾಣ ಎನ್ನಬಹುದಿತ್ತು. ಆದರೆ ಮೊಸರು ನಿಲ್ಲಲಿಲ್ಲ. ಕಟ್ಟೆಯ ಮೇಲೆ ಫ್ರಿಜ್ಜಿನ ಹೊರಗೆ ಕೂತ ಮೊಸರು ಹುಳಿಯಾಗುವುದನ್ನು ಯಾವ ಅಳಿಯನೂ ತಡೆಯಲಾರ.

ಒಂದು ಭಾನುವಾರ ಮೇಲಿನ ಮನೆಯ ಸೋಮಲಿಂಗಪ್ಪ ಕಾಫಿಗೆ ಬಂದರು. ಧಾರವಾಡದ ಕಡೆಯ ನಿವೃತ್ತ ಮಾಸ್ತರು, ಅಪಾರ್ಟ್‌ಮೆಂಟಿನ ಎಲ್ಲ ಕಿಟಕಿಗಳ ವಾರ್ತಾವಾಚಕರು. ಅವರಿಗೆ ಬತ್ತಿ ತೋರಿಸಲೆಂದು ಸಣ್ಣತಾಯಮ್ಮನವರು ಒಂದು ಡಬ್ಬದ ಮುಚ್ಚಳ ತೆಗೆದರು. ಒಳಗೆ ಬಿಳಿಯ, ಗಟ್ಟಿಯಾದ, ಸಣ್ಣಗೆ ಗುಳ್ಳೆಯೇಳುತ್ತಿರುವ ಮೊಸರು.

“ಯಪ್ಪಾ!” ಸೋಮಲಿಂಗಪ್ಪ ಎದ್ದೇ ನಿಂತರು. “ತಾಯಾರ, ನಿಮ್ಮ ಹತ್ತಿ ಹೆಪ್ಪ ಹಾಕ್ಕೊಂಡೈತಲ್ರಿ! ಪವಾಡ ಅಂದ್ರ ಇದರೀ! ನಿಮ್ಮ ಹರಕಿ ದೇವರಿಗೆ ಮುಟ್ಟೈತಿ!”

ಸಣ್ಣತಾಯಮ್ಮನವರು ಮಾತಾಡುವ ಮೊದಲೇ ಅವರು ಫೋಟೋ ಹೊಡೆದು ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಹದಿನೈದು ನಿಮಿಷದಲ್ಲಿ ಫಾಸ್ಟರ್ ಸಿಟಿಯ ಏಳು ಕುಟುಂಬಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟವು. ಅರ್ಧ ಗಂಟೆಗೆ ಕ್ಯುಪರ್ಟಿನೋದಿಂದ ಒಬ್ಬರು ಬಂದು, ಮಗನ ಕಾಲೇಜು ಅಡ್ಮಿಷನ್ನಿಗೆ ಪ್ರಸಾದವಾಗಿ ಒಂದು ಚಮಚ ಸಿಗಬಹುದೇ ಎಂದು ಕೇಳಿದರು. ವೆಂಕಟಾಚಲ ಸೋಫಾದ ಹಿಂದೆ ನಿಂತು, ಪವಾಡಕ್ಕೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದ.

ಸಣ್ಣತಾಯಮ್ಮನವರು ಕಿರುಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು.

“ಅಂಗಡಿ ಮೊಸರು,” ಎಂದರು. “ದೇವರು ಕೊಡೋ ಹಾಗಿದ್ರೆ ಮನೆ ಮೊಸರು ಕೊಡ್ತಿದ್ದ. ಇದು ಯಾರೋ ಮನುಷ್ಯರ ಕೆಲಸ.”

“ಯಾರ ಮನಷ್ಯಾರ ಇರಬೇಕ್ರಿ?” ಸೋಮಲಿಂಗಪ್ಪ ಸುತ್ತ ನೋಡಿದರು. ಎಲ್ಲರೂ ಎಲ್ಲರನ್ನೂ ನೋಡಿದರು. ವೆಂಕಟಾಚಲ ಮಾತ್ರ ಲಗೂನಿನಲ್ಲಿ ತೇಲುವ ಬಾತುಕೋಳಿಗಳನ್ನು ನೋಡಿದ.

ಮೈಥಿಲಿ ಅಡಿಗೆಮನೆಯಿಂದ ಗಂಡನ ಬೆನ್ನನ್ನು ನೋಡಿದಳು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಬೆನ್ನೂ ಮುಖವೇ. “ರೀ, ಏನಾದ್ರೂ ಹೇಳೋದಿದ್ಯಾ?”

“ಇಲ್ವಲ್ಲ. ಬಾತುಕೋಳಿ ಎಷ್ಟು ಚೆನ್ನಾಗಿದೆ.”

ಅತ್ತ ಆಫೀಸಿನಲ್ಲಿ ಇನ್ನೊಂದು ಸಂಕಟ ಕಾದಿತ್ತು. ಕಂಪನಿಯ ಗುಣಮಟ್ಟ ಮತ್ತು ಸುರಕ್ಷತೆಯ ಅಧಿಕಾರಿ ಬ್ರೆಂಡಾ ಎಂಬ ಮಹಾತಾಯಿಗೆ ಎಸ್‌ಟಿ ಥೌಸಂಡ್‌ನ ಕಾಗದಪತ್ರ ಬೇಕಿತ್ತು. ಬ್ರೆಂಡಾ ಎಂದರೆ, ಕಾಫಿ ಮೆಷೀನಿನ ಪಕ್ಕದಲ್ಲಿ ‘ಕಾಫಿ ಬಿಸಿಯಿರುತ್ತದೆ’ ಎಂದು ಬೋರ್ಡು ಹಾಕಿ, ಆ ಬೋರ್ಡಿನ ಮೂಲೆ ಚುಚ್ಚೀತೆಂದು ಅದಕ್ಕೂ ಒಂದು ಬೋರ್ಡು ಹಾಕಿದಾಕೆ.

“ಸರಬರಾಜುದಾರರು ಯಾರು?” ಎಂದು ಕೇಳಿದಳು.

“ಒಂದು... ಚಿಕ್ಕ ಸಂಸ್ಥೆ. ಪೂರ್ತಿ ಕೈಕೆಲಸ.”

“ಎಲ್ಲಿದೆ?”

ಇಂಡಿಯಾ ಎಂದಿದ್ದರೆ ಬದುಕುತ್ತಿದ್ದ. ಸುಳ್ಳು ಹೇಳಿ ಹೇಳಿ ದಣಿದಿದ್ದ ಅವನ ಬಾಯಿಂದ ಅಪ್ಪಟ ಸತ್ಯವೊಂದು ಜಾರಿಬಿತ್ತು. “ಫಾಸ್ಟರ್ ಸಿಟಿ.”

“ಅಯ್ಯೋ, ಇಷ್ಟು ಹತ್ತಿರವೇ! ಬುಧವಾರ ಹತ್ತು ಗಂಟೆಗೆ ಇನ್ಸ್‌ಪೆಕ್ಷನ್ನಿಗೆ ಬರುತ್ತೇನೆ. ಅದು ಪಾಸಾಗದಿದ್ದರೆ ಆ ಎಳೆ ಲ್ಯಾಬಿನೊಳಗೆ ಬರುವಂತಿಲ್ಲ.” ಎಳೆ ಬರದಿದ್ದರೆ ವೆಂಕಟಾಚಲನೂ ಬರುವಂತಿಲ್ಲ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. “ಡಾಕ್ಟರ್ ಗುಣಪಾಲರೂ ಬರುತ್ತಾರಂತೆ, ಅವರಿಗೆ ತುಂಬ ಕುತೂಹಲ.”

ಬುಧವಾರ ವೆಂಕಟಾಚಲ ಅತ್ತೆಯವರಿಗೆ ಹೇಳಿದ್ದು ಇಷ್ಟು: “ಆಫೀಸಿನವರು ನಮ್ಮನೆ ಪೂಜೆ ಪುನಸ್ಕಾರ ನೋಡೋಕೆ ಬರ್ತಿದಾರೆ ಅತ್ತೆ. ನೀವು ನಿಮ್ಮ ಪಾಡಿಗೆ ಬತ್ತಿ ಹೊಸೀತಿರಿ. ನಾನು ಮಾತಾಡ್ತೀನಿ.” ಬ್ರೆಂಡಾ ಕನ್ನಡ ತಿಳಿಯದವಳು, ಅತ್ತೆ ಇಂಗ್ಲಿಷ್ ತಿಳಿಯದವರು, ನಡುವೆ ತಾನೊಬ್ಬ ದುಭಾಷಿ. ಉಪಾಯ ಚೆನ್ನಾಗಿಯೇ ಇತ್ತು. ಗುಣಪಾಲರ ಮಾತೃಭೂಮಿ ಯಾವುದೆಂಬುದನ್ನು ಮಾತ್ರ ಮರೆತಿದ್ದ.

ಬ್ರೆಂಡಾ ಬಾಗಿಲಲ್ಲೇ ಶೂ ಬಿಚ್ಚಿ, ಕಾಲಿಗೆ ನೀಲಿ ಚೀಲ, ತಲೆಗೆ ಬಲೆ ಹಾಕಿಕೊಂಡು ಒಳಗೆ ಬಂದಳು. ಬೆನ್ನ ಹಿಂದೆ ಗುಣಪಾಲರು. ಅವರು ಚಾಪೆಯನ್ನು ನೋಡಿದರು, ಹತ್ತಿಯನ್ನು ನೋಡಿದರು, ಸಣ್ಣತಾಯಮ್ಮನವರ ಕಾಲನ್ನು ನೋಡಿ ಸಂಕೋಚದಿಂದ ಕಣ್ಣು ಸರಿಸಿ, ಮೂಲೆಯಲ್ಲಿದ್ದ ದೇವರ ದೀಪವನ್ನು ನೋಡಿದರು.

“ವೆಂಕಟಾಚಲ,” ಎಂದರು ಮೆಲ್ಲಗೆ. “ಇದು ಬತ್ತಿ ಅಲ್ವಾ ಮಾರಾಯ?”

“ಹೌದು ಸಾರ್.”

“ಇನ್ವೆಸ್ಟರ್ಸಿಗೆ ನಾನು ಅಡ್ವಾನ್ಸ್ಡ್ ಬಯೋಫೈಬರ್ ಅಂತ ಹೇಳಿ ಆಗಿದೆ. ನೀನು ನನಗೇ ಬತ್ತಿ ಇಟ್ಟದ್ದಾ?”

ಇಷ್ಟರಲ್ಲಿ ಸಣ್ಣತಾಯಮ್ಮನವರ ಕಿವಿ ನೆಟ್ಟಗಾಗಿತ್ತು. “ಓ, ಕನ್ನಡದವ್ರಾ ನೀವು? ಬನ್ನಿ, ಕೂತ್ಕೊಳ್ಳಿ. ಬತ್ತಿ ವಿಷಯ ಏನೋ ಅಂತಿದ್ರಲ್ಲ?”

“ನಿಮ್ಮ ಅಳಿಯ ವಾರ ವಾರ ಲ್ಯಾಬಿಗೆ ತರ್ತಾನಲ್ಲ ಅಮ್ಮ, ಅದೇ. ನಾಲ್ಕು ಡಬ್ಬ ತಂದಿದ್ದಾನೆ. ನಾವು ನೊರೆಗೆ ಹಾಕಿದ್ದು.”

ಹತ್ತಿ ಸಣ್ಣತಾಯಮ್ಮನವರ ಕೈಯಲ್ಲೇ ನಿಂತಿತು. ಹದಿನಾಲ್ಕು ವರ್ಷ ಅಳಿಯನಿಗೆ ಬಹುವಚನ ಬಿಟ್ಟು ಮಾತಾಡದಿದ್ದ ಹೆಂಗಸು ಅಂದು ಏಕವಚನಕ್ಕೆ ಇಳಿದರು.

“ಏನೋ ವೆಂಕಟಾಚಲ! ನಿನ್ನ ಕೆಲಸ ಉಳೀಲಿ ಅಂತ ನಾನು ಬೆನ್ನು ಮುರ್ಕೊಂಡು ಹರಕೆ ಬತ್ತಿ ಹೊಸೀತಿದ್ರೆ, ಆ ಹರಕೆಗೇ ಕನ್ನ ಹಾಕಿದ್ಯೇನೋ! ನಾಲ್ಕು ಸಾವಿರ! ಮೇಲೆ ಮೊಸರು ಬೇರೆ ತುಂಬಿ ದೇವರ ಮೇಲೆ ಹಾಕಿದ್ದೀಯ!”

“ಅತ್ತೆ, ಅದೂ ಕೆಲಸ ಉಳಿಸೋಕೇ ಅತ್ತೆ...”

“ಬಾಯ್ಮುಚ್ಚು!”

ಬ್ರೆಂಡಾ ಪೆನ್ನು ಎತ್ತಿ ಹಿಡಿದಳು. “ಸಂಸ್ಥೆಯ ಮುಖ್ಯಸ್ಥರು ಏನು ಹೇಳುತ್ತಿದ್ದಾರೆ?”

ಮುಗಿಯಿತು, ಇನ್ನು ಅರವತ್ತು ದಿನ ಎಂದುಕೊಂಡ ವೆಂಕಟಾಚಲ. ಆಗ ಗುಣಪಾಲರು ಒಂದು ಹೆಜ್ಜೆ ಮುಂದೆ ಬಂದು, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದರು: “ಗುಣಮಟ್ಟದ ವಿಷಯದಲ್ಲಿ ಇವರು ಯಾವ ರಾಜಿಯನ್ನೂ ಒಪ್ಪುವುದಿಲ್ಲವಂತೆ.”

“ಅದ್ಭುತ,” ಎಂದು ಬ್ರೆಂಡಾ ಬರೆದುಕೊಂಡಳು. “ಎಳೆಯ ಮೈಗೆ ಏನು ಲೇಪಿಸುತ್ತಾರೆ?”

ಗುಣಪಾಲರು ಕನ್ನಡಕ್ಕೆ ತಿರುಗಿಸಿ ಕೇಳಿದರು. “ವಿಭೂತಿ,” ಎಂದರು ಸಣ್ಣತಾಯಮ್ಮನವರು ಅಳಿಯನನ್ನು ದುರುಗುಟ್ಟಿ ನೋಡುತ್ತ. “ಇವನ ಹಣೆಗೂ ಬಳೀಬೇಕು.”

“ನುಣ್ಣಗೆ ಸುಟ್ಟು ಶುದ್ಧ ಮಾಡಿದ ಖನಿಜದ ಪುಡಿ. ಮನುಷ್ಯರ ಚರ್ಮಕ್ಕೂ ಸುರಕ್ಷಿತವಂತೆ.”

“ಕೆಲಸದ ಜಾಗದಲ್ಲಿ ದಿನಾ ಶುಚಿ ಮಾಡುತ್ತಾರೆಯೇ?”

“ಸ್ನಾನ ಮಾಡದೆ ನಾನು ಹತ್ತಿ ಮುಟ್ಟಲ್ಲ. ಮುಟ್ಟಿದೋನು ಇವನು. ಶೂ ಹಾಕ್ಕೊಂಡು ಕದ್ದಿರ್ತಾನೆ.”

“ಅನಧಿಕೃತ ವ್ಯಕ್ತಿಗಳು ಒಳಗೆ ಬರುವುದನ್ನು ಕಟ್ಟುನಿಟ್ಟಾಗಿ ವಿರೋಧಿಸುತ್ತಾರೆ.”

ಅಡಿಗೆಮನೆಗೆ ಹೋದ ಬ್ರೆಂಡಾ ಗೋಪುರದ ಮುಂದೆ ನಿಂತು ಉದ್ಗಾರ ತೆಗೆದಳು. ಒಂದೊಂದು ಡಬ್ಬವನ್ನೂ ಬೆಳಕಿಗೆ ಹಿಡಿದು ನೋಡಿದಳು. ಎಲ್ಲದರ ತಳದಲ್ಲೂ ಮೊಸರಿನ ಕಾರ್ಖಾನೆಯವರು ಒತ್ತಿದ ಬ್ಯಾಚ್ ನಂಬರು ಮತ್ತು ಒಂದು ತಾರೀಕು ಇದ್ದವು.

“ಹನ್ನೊಂದು ವರ್ಷದಲ್ಲಿ ನೂರಾರು ಕಡೆ ಇನ್ಸ್‌ಪೆಕ್ಷನ್ ಮಾಡಿದ್ದೇನೆ,” ಎಂದಳು ಕಣ್ಣು ತುಂಬಿಕೊಂಡು. “ಪ್ರತಿಯೊಂದಕ್ಕೂ ಬ್ಯಾಚ್ ನಂಬರು ಹಾಕುವ ಇಷ್ಟು ಪ್ರಾಮಾಣಿಕ ಸಂಸ್ಥೆಯನ್ನು ಇದೇ ಮೊದಲು ನೋಡುತ್ತಿರುವುದು. ಈ ಮೂರು ಡಬ್ಬಗಳ ಮೇಲೆ ಮಾತ್ರ ತಯಾರಾದ ತಾರೀಕು ಮುಂದಿನ ವಾರದ್ದಿದೆ, ಅಲ್ಲಿಯವರೆಗೆ ಇವನ್ನು ಬಳಸಬೇಡಿ.” ಅವು ಮೊಸರಿನವು.

ಎಲ್ಲ ಪಾಸು. ವೆಂಕಟಾಚಲನಿಗೆ ಜೀವ ಬಂತು. ಬಂದ ಜೀವ ಪೂರ್ತಿ ಕೂರುವ ಮೊದಲೇ ಬ್ರೆಂಡಾ ಕೊನೆಯ ಪುಟ ತಿರುವಿದಳು.

“ಇವರದು ಯಾವ ವೀಸಾ?”

“ಟೂರಿಸ್ಟು,” ಎಂದಳು ಮೈಥಿಲಿ. ಸತ್ಯವನ್ನು ಇಷ್ಟು ಸಲೀಸಾಗಿ ಹೇಳುವ ಅಭ್ಯಾಸ ಆ ಮನೆಯಲ್ಲಿ ಅವಳೊಬ್ಬಳಿಗಿತ್ತು.

ಬ್ರೆಂಡಾ ಪೆನ್ನು ಮುಚ್ಚಿದಳು. “ಹಾಗಿದ್ದರೆ ಇವರು ಕಂಪನಿಗಾಗಿ ಒಂದು ಎಳೆಯನ್ನೂ ಮಾಡುವಂತಿಲ್ಲ. ಕೆಲಸ ಮಾಡಲು ಅನುಮತಿಯಿರುವ ಬೇರೆ ಯಾರಾದರೂ ಈ ವಿದ್ಯೆ ಬಲ್ಲವರಿದ್ದಾರೆಯೇ?”

ಗುಣಪಾಲರು ವೆಂಕಟಾಚಲನನ್ನು ನೋಡಿದರು. “ಮಾರಾಯ, ನಾನು ಸತ್ಯ ಹೇಳ್ತೇನೆ. ಆರ್ಡರ್ ಮಾಡುವ ಕೆಲಸಕ್ಕೆ ಒಂದು ಸಾಫ್ಟ್‌ವೇರ್ ಬಂದುಂಟು. ಅದು ಸೇವ್ ಫಾರ್ ಲೇಟರ್ ಮಾಡುವುದಿಲ್ಲ. ನಿನ್ನ ಹುದ್ದೆ ಹೋದ ಲೆಕ್ಕ. ಮೆಷೀನಿನ ಹತ್ತಿದಾರವೂ ಹಾಕಿ ನೋಡಿದೆ ನಾನು, ಗಂಟಾಗ್ತದೆ. ಈ ಬತ್ತಿ ಹೊಸೆಯಲಿಕ್ಕೆ ನಿನಗೆ ಬಂದರೆ ಹೊಸ ಹುದ್ದೆ ಉಂಟು. ಬಾರದಿದ್ದರೆ ನನ್ನ ಕೈಯಲ್ಲಿ ಎಂತ ಸಹ ಇಲ್ಲ. ಹತ್ತು ದಿನ ಕೊಡ್ತೇನೆ. ನೂರು ಎಳೆ. ಬ್ರೆಂಡಾ ಪರೀಕ್ಷೆ ಮಾಡ್ತಾಳೆ.”

ಅವರು ಹೋದಮೇಲೆ ವೆಂಕಟಾಚಲ ಚಾಪೆಯ ಅಂಚಿನಲ್ಲಿ ಕೂತ. “ಅತ್ತೆ...”

“ನನ್ನ ನಾಲ್ಕು ಸಾವಿರ ನಾನೇ ಹೊಸ್ಕೋತೀನಿ. ಹರಕೆ ನಂದು,” ಎಂದರು ಸಣ್ಣತಾಯಮ್ಮನವರು. ಬಹುವಚನ ಇನ್ನೂ ಹಿಂದಿರುಗಿರಲಿಲ್ಲ. “ಪ್ಯಾಂಟು ಮಡಚು.”

ಹೀಗೆ ಫೋಮ್ ರಿಸರ್ಚಿನವನು ಆಫೀಸಿಗೆ ರಜೆ ಹಾಕಿ, ಎಡ ಮೊಣಕಾಲಿನವರೆಗೆ ಪ್ಯಾಂಟು ಮಡಚಿ, ಅತ್ತೆಯ ಎದುರು ಕೂತು ಬತ್ತಿ ಹೊಸೆಯತೊಡಗಿದ. ಮೊದಲ ದಿನ ಹೊಸೆದದ್ದು ಬತ್ತಿಯೋ ಚಕ್ಕುಲಿಯೋ ಎಂದು ಮನೆಯಲ್ಲಿ ಚರ್ಚೆಯಾಯಿತು. ಮೂರನೆಯ ದಿನಕ್ಕೆ ಬತ್ತಿಯ ಆಕಾರ ಬಂತು. ಸೋಮಲಿಂಗಪ್ಪ ದಿನಾ ಎರಡು ಹೊತ್ತು ಬಂದು, ಕಾಫಿ ಕುಡಿದು, ಎದುರು ಕೂತು ವೀಕ್ಷಕ ವಿವರಣೆ ಕೊಟ್ಟರು. “ಕೈ ನಡಗಾಕತ್ತೈತ್ರಿ. ಹೆದರಬ್ಯಾಡ್ರಿ, ಅದು ಹತ್ತಿ, ಹಾವಲ್ಲ.”

ಆರನೆಯ ದಿನ ನೂರು ಬತ್ತಿಯನ್ನು ಲ್ಯಾಬಿಗೆ ಒಯ್ದ. ಬ್ರೆಂಡಾ ಮೈಕ್ರೋಸ್ಕೋಪಿನಲ್ಲಿ ನೋಡಿ ಹುಬ್ಬು ಗಂಟಿಕ್ಕಿದಳು.

“ಇದರೊಳಗೆ ಬೇರೊಂದು ಎಳೆ ಸೇರಿದೆ. ಕಪ್ಪು ಬಣ್ಣ. ಸ್ವಲ್ಪ ಗುಂಗುರು.”

ವೆಂಕಟಾಚಲ ಇಣುಕಿ ನೋಡಿದ. ಅದು ಅವನ ಕಾಲಿನ ಕೂದಲು. ನೂರರಲ್ಲಿ ಎಪ್ಪತ್ತೆಂಟು ಬತ್ತಿಗಳಲ್ಲಿ ಅವನೇ ಇದ್ದ. ಉಳಿದ ಇಪ್ಪತ್ತೆರಡು ಕೊಳವೆಯಲ್ಲಿ ಅಡ್ಡ ನಿಂತು ಗಂಟಾದವು.

“ಫೇಲು,” ಎಂದಳು ಬ್ರೆಂಡಾ, ನಿಜವಾದ ದುಃಖದಿಂದ. “ಇನ್ನು ನಾಲ್ಕು ದಿನವಿದೆ.”

ಮನೆಗೆ ಬಂದು ಹೇಳಿದಾಗ ಮೈಥಿಲಿ ಅಂಗಡಿಗೆ ಹೋಗಿ, ಒಂದು ಶೇವಿಂಗ್ ಫೋಮಿನ ಡಬ್ಬಿ, ಒಂದು ರೇಜರು ತಂದು ಅವನ ಕೈಗಿತ್ತಳು. “ಬಾತ್‌ರೂಮು ಆ ಕಡೆ.”

“ಮೈಥಿಲಿ, ನಾನು ಗಂಡಸು ಕಣೇ. ಜನ ಏನಂದ್ಕೋತಾರೆ?”

“ವೀಸಾ ಹೋಗಿ ಊರಿಗೆ ಹೋದ್ರೆ ಏನಂದ್ಕೋತಾರೋ ಅದಕ್ಕಿಂತ ಕಮ್ಮಿನೇ. ಬರೀ ಎಡಗಾಲು ರೀ. ಹೋಗಿ.”

ವೆಂಕಟಾಚಲ ಟಬ್ಬಿನ ಅಂಚಿನ ಮೇಲೆ ಕೂತು, ಮೊಣಕಾಲಿನಿಂದ ಕೆಳಕ್ಕೆ ನೊರೆ ಬಳಿದು, ರೇಜರು ಎಳೆದ. ನೀರು ಬಿಟ್ಟ. ನೊರೆ ನಿಧಾನವಾಗಿ ಕಾಲಿನಿಂದ ಇಳಿದು ಬಿಳಿ ಟಬ್ಬಿನ ತಳದಲ್ಲಿ ಹರಿಯತೊಡಗಿತು. ಅದರೊಳಗೆ ಅವನ ಕೂದಲು.

ಅವನು ಬಗ್ಗಿದ. ಇನ್ನೂ ಬಗ್ಗಿದ. ಮೋಟು ಕೂದಲುಗಳು ಬಿರುಸಾಗಿ ಅಡ್ಡ ನಿಂತು, ಗುಳ್ಳೆಗಳಿಗೆ ದಾರಿ ಕೊಡದೆ, ಒಂದರ ಮೇಲೊಂದು ಬಿದ್ದು ಗಂಟಾಗುತ್ತಿದ್ದವು. ಉದ್ದನೆಯ ಮೆತ್ತನೆಯವು ಗುಳ್ಳೆ ತಳ್ಳಿದ ಕಡೆ ಬಾಗಿ, ಸಂದಿಯಲ್ಲಿ ನುಸುಳಿ, ಮತ್ತೆ ಮೈ ನೀಡಿ, ನೊರೆಯ ಜೊತೆಗೇ ತಣ್ಣಗೆ ಹೋಗುತ್ತಿದ್ದವು. ಎಂಟು ವರ್ಷ ಲ್ಯಾಬಿನಲ್ಲಿ ನೋಡದೇ ಉಳಿದ ಸಂಗತಿ ಅವನ ಸ್ವಂತ ಟಬ್ಬಿನಲ್ಲಿ, ಅವನ ಸ್ವಂತ ಕೂದಲಿನ ಖರ್ಚಿನಲ್ಲಿ ನಡೆಯುತ್ತಿತ್ತು.

“ಮೈಥಿಲೀ! ಅತ್ತೇ! ಗೊತ್ತಾಯ್ತು!”

ಬಾಗಿಲ ಹೊರಗಿನಿಂದ ಸಣ್ಣತಾಯಮ್ಮನವರ ದನಿ ಬಂತು. “ಏನು, ಕೊಯ್ಕೊಂಡ್ಯಾ?”

“ಇಲ್ಲ ಅತ್ತೆ! ನಾನು ಭಯಕ್ಕೆ ಬಿಗಿಯಾಗಿ ಹೊಸೀತಿದೀನಿ! ಬಿಗಿ ಇದ್ರೆ ಬಾಗಲ್ಲ, ಬಾಗದೇ ಇದ್ರೆ ಗುಳ್ಳೆಗೆ ಅಡ್ಡ ನಿಲ್ಲುತ್ತೆ, ಅಡ್ಡ ನಿಂತ್ರೆ ಗಂಟಾಗುತ್ತೆ! ನಿಮ್ದು ಸಡಿಲ ಅತ್ತೆ, ಅದಕ್ಕೇ ಹೋಗುತ್ತೆ!”

“ಆರು ದಿನದಿಂದ ಸಡಿಲ ಬಿಡು ಸಡಿಲ ಬಿಡು ಅಂತ ಬಡ್ಕೋತಿದೀನಿ. ಅದನ್ನ ಕೇಳೋಕೆ ನೀನು ಕಾಲು ಬೋಳಿಸ್ಕೋಬೇಕಾಯ್ತಾ?”

ಹತ್ತನೆಯ ದಿನ ನೂರು ಎಳೆಗಳು ಕೊಳವೆಯ ಈ ತುದಿಯಿಂದ ಹೊರಟವು. ವೆಂಕಟಾಚಲ ಈ ಸಲ ಪರದೆಗೆ ಮೂಗು ತಾಗಿಸಿ ನಿಂತಿದ್ದ. ಕಪ್ಪು ಎಳೆ ಒಂದೂ ಇಲ್ಲ. ಗುಳ್ಳೆಗಳು ಬಂದವು, ಬತ್ತಿಗಳು ಬಳುಕಿದವು, ನೊರೆ ಹರಿಯಿತು, ತೊಂಬತ್ತಾರು ಎಳೆಗಳು ಆ ತುದಿ ಸೇರಿದವು. ಬ್ರೆಂಡಾ ಸಹಿ ಹಾಕಿದಳು. ಗುಣಪಾಲರು ಹೊಸ ಪತ್ರ ಕೊಟ್ಟರು: ಸೀನಿಯರ್ ಫೈಬರ್ ಸ್ಪೆಷಲಿಸ್ಟ್. ಲ್ಯಾಬಿನೊಳಗೆ ಬರಿಗಾಲು ತೋರಿಸಬಾರದೆಂಬ ನಿಯಮವಿತ್ತು. ಬ್ರೆಂಡಾ ಮೂರು ಪುಟದ ವಿನಾಯಿತಿ ಬರೆದು, ಎಡಗಾಲು, ಮೊಣಕಾಲಿನಿಂದ ಕೆಳಕ್ಕೆ ಮಾತ್ರ, ಎಂದು ಬಾಗಿಲ ಮೇಲೆ ಬೋರ್ಡು ಹಾಕಿದಳು.

ಕಾರ್ತಿಕದ ಹುಣ್ಣಿಮೆಗೆ ಎರಡು ದಿನ ಮೊದಲೇ ಸಣ್ಣತಾಯಮ್ಮನವರ ಲಕ್ಷವೂ ತುಂಬಿತು. ಕೊನೆಯ ಡಬ್ಬದ ಮುಚ್ಚಳ ಹಾಕಿ, “ಅಳಿಯಂದ್ರೇ, ಕಾಫಿ ಕುಡೀತೀರಾ?” ಎಂದರು. ಬಹುವಚನ ಮನೆಗೆ ಮರಳಿತು. ಆ ಸಂತೋಷಕ್ಕೆ ವೆಂಕಟಾಚಲ ಚಡ್ಡಿ ಹಾಕಿಕೊಂಡು ಲಗೂನಿನ ದಂಡೆಯಲ್ಲಿ ವಾಕಿಂಗಿಗೆ ಹೊರಟ.

ಎದುರಿಗೆ ಸೋಮಲಿಂಗಪ್ಪ ಬಂದರು. ನಿಂತರು. ಕನ್ನಡಕ ಸರಿಮಾಡಿಕೊಂಡು, ಕಾಡಿನಂತಿದ್ದ ಬಲಗಾಲನ್ನೂ ಥಳಥಳ ಹೊಳೆಯುತ್ತಿದ್ದ ಎಡಗಾಲನ್ನೂ ಬಹಳ ಹೊತ್ತು ನೋಡಿದರು.

“ಏನ್ರೀ ಇದು ವೆಂಕಟಾಚಲ? ತಿಮ್ಮಪ್ಪಗ ಕಂತಿನ್ಯಾಗ ಮುಡಿ ಕೊಡಾಕತ್ತೀರೇನು?”

ಸೀನಿಯರ್ ಫೈಬರ್ ಸ್ಪೆಷಲಿಸ್ಟ್ ಗಂಟಲು ಸರಿಮಾಡಿಕೊಂಡ.

“ಇದು ಆಫೀಸ್ ಕಾಲು ಸಾರ್,” ಎಂದ. “ಆ ಇನ್ನೊಂದು ಪರ್ಸನಲ್ಲು.”